ಮಾದರಿ ರೈಲಿಗೆ ಫ್ಯೂಸೊಂದೇ ಕಾವಲೆ?

ಫ್ಯೂಸ್ ಇದೆಯಲ್ಲ, ಇನ್ನೇನು ಭಯ ಎಂಬ ಮಾದರಿ ರೈಲು ಹವ್ಯಾಸಿಗಳ ನೆಮ್ಮದಿಯನ್ನು ನಾವು ಒಪ್ಪಲಾರೆವು. ಅಮೆರಿಕದ ಮಾದರಿ ರೈಲು ಸಂಘವು 1990ರ ದಶಕದಲ್ಲಿ ಅಂಗೀಕರಿಸಿದ ಡಿಜಿಟಲ್ ಪದ್ಧತಿಯಲ್ಲಿ, ಎಂಜಿನು ನಿಂತಿದ್ದರೂ ಕಂಬಿಗಳಲ್ಲಿ ಪೂರ್ಣ ವೋಲ್ಟೇಜು ಇದ್ದೇ ಇರುವುದು. ಹಳಿ ತಪ್ಪಿದ ಚಕ್ರವೊಂದು ಎರಡು ಕಂಬಿಗಳನ್ನೂ ಮುಟ್ಟಿತೆನ್ನಿ, ಷಾರ್ಟ್ ಸರ್ಕ್ಯೂಟಾಯಿತು. ಸ್ಪರ್ಶವು ಅರೆಬರೆಯಾಗಿದ್ದರೆ 15 ವೋಲ್ಟ್, 5 ಆಂಪಿಯರುಗಳ 75 ವ್ಯಾಟ್‌ವರೆಗಿನ ಶಕ್ತಿ ಅಲ್ಲಿಯೇ ಕಾವಾಗಬಲ್ಲದು. ರೇಡಿಯೋ ರಿಪೇರಿಯವರ ಸಾಲ್ಡರಿಂಗ್ ಐರನ್ನಿಗೆ 25 ವ್ಯಾಟೇ ಧಾರಾಳ!

5 ಆಂಪಿಯರಿನ ಫ್ಯೂಸಾದರೋ 5 ಆಂಪಿಯರನ್ನು ಹೊರಲೆಂದೇ ಮಾಡಿದ್ದು. ಅದರ ಇಮ್ಮಡಿ ಹರಿದರೂ ಕರಗಲು ಸೆಕೆಂಡುಗಳೇ ಹಿಡಿಯಬಹುದು. ಎಲೆಕ್ಟ್ರಾನಿಕ್ ಬ್ರೇಕರು ಮಿಲಿಸೆಕೆಂಡುಗಳಲ್ಲಿ ಪ್ರವಾಹವನ್ನು ಕಡಿಯುತ್ತದೆ. ಆದರೆ ಅದೂ ಮೋಸಹೋಗುವುದುಂಟು. ತಂತಿ ತೆಳುವಾಗಿ, ಕಂಬಿಯ ಕೂಡುಗಳು ಸಡಿಲವಾಗಿ, ದಾರಿಯ ರೋಧವು 5 ಓಮ್ ಆಯಿತೆಂದರೆ ಪ್ರವಾಹ 3 ಆಂಪಿಯರಿಗೇ ನಿಲ್ಲುವುದು. ನಾಲ್ಕಾರು ಎಂಜಿನುಗಳು ಓಡುತ್ತಿವೆಯೆಂದು ಬ್ರೇಕರು ಸುಮ್ಮನಿರುವುದು.

ಆದ್ದರಿಂದ ಹಣವನ್ನು ಮೊದಲು ದಪ್ಪ ತಂತಿಗೆ ಹಾಕಬೇಕೆಂಬುದೇ ನಮ್ಮ ಮತ. ಪರೀಕ್ಷೆಯೂ ಸುಲಭ: ಹಳಿಯುದ್ದಕ್ಕೂ ಅಲ್ಲಲ್ಲಿ ನಾಣ್ಯವೊಂದನ್ನು ಎರಡು ಕಂಬಿಗಳಿಗೂ ತಾಗುವಂತೆ ಇಟ್ಟು ನೋಡಿರಿ. ಪ್ರತಿ ಸಲವೂ ಬ್ರೇಕರು ತಕ್ಷಣ ಕಡಿಯಬೇಕು. ಕಡಿಯದಿದ್ದರೆ ಕೂಡಲೆ ಸ್ವಿಚ್ಚನ್ನು ಆರಿಸಿ, ಆ ಭಾಗಕ್ಕೆ ಹೊಸ ತಂತಿಯನ್ನು ಎಳೆಯಿರಿ.