ಲಿವರ್ ಉಳಿಸಲು ಆಲಿವ್ ಬಾಟ್ಲಿ ಬೇಕಿಲ್ಲ, ನಮ್ಮ ಕುಸುಬಿ ಸಾಕು

ಸ್ಕ್ಯಾನಿಂಗ್‌ನಲ್ಲಿ ‘ಫ್ಯಾಟಿ ಲಿವರ್’ ಎಂದು ಬಂದರೆ ಸಾಕು, ಮೊಬೈಲ್ ತುಂಬ ಒಂದೇ ಉಪದೇಶ: ಆಲಿವ್ ಎಣ್ಣೆ ತಿನ್ನಿ, ಲಿವರ್ ಸ್ವಚ್ಛವಾಗುತ್ತದೆ. ಇದು ಅರ್ಧ ಸತ್ಯ. ಈ ಅರ್ಧ ಸತ್ಯಕ್ಕೆ ಭೀಮರಾಯನಗುಡಿ, ಶಹಾಪುರ, ಸುರಪುರದ ಕೂಲಿಕಾರರ ಮನೆಗಳು ದುಬಾರಿ ಬೆಲೆ ತೆರಬೇಕಿಲ್ಲ ಎಂಬುದು ನಮ್ಮ ವಾದ.

ಲಿವರ್ ಕೊಬ್ಬನ್ನು ಸುಟ್ಟು ಶಕ್ತಿ ಮಾಡಿಕೊಳ್ಳುತ್ತದೆ, ಒಂದಿಷ್ಟನ್ನು ರಕ್ತಕ್ಕೆ ಕಳಿಸುತ್ತದೆ. ಬರುವುದು ಹೆಚ್ಚಾದಾಗ ತನ್ನಲ್ಲೇ ತುಂಬಿಕೊಳ್ಳುತ್ತದೆ. ಲಿವರ್‌ನಲ್ಲಿ ಕೊಬ್ಬು ಶೇ 5 ದಾಟಿದರೆ ಅದೇ ಫ್ಯಾಟಿ ಲಿವರ್. ಆಲಿವ್ ಎಣ್ಣೆಯಲ್ಲಿ ಹೆಚ್ಚಾಗಿರುವುದು ಓಲಿಕ್ ಆಮ್ಲ. ತಾಳೆ ಎಣ್ಣೆಯ ಅರ್ಧದಷ್ಟು ಗಟ್ಟಿ ಕೊಬ್ಬು, ಅಂದರೆ ಸ್ಯಾಚುರೇಟೆಡ್ ಕೊಬ್ಬು. ಇದರ ಬದಲಿಗೆ ಅದನ್ನು ಬಳಸಿದರೆ ಲಿವರ್‌ಗೆ ಒಳ್ಳೆಯದೇ. ಸತ್ಯ ಇರುವುದು ಇಷ್ಟರಲ್ಲಿ.

ಆದರೆ ಆ ಗುಣ ಆಲಿವ್‌ಗೆ ಮಾತ್ರ ಇದೆಯೇ? ಸ್ವೀಡನ್ನಿನಲ್ಲಿ 39 ಯುವಜನರಿಗೆ 7 ವಾರ ಊಟದ ಮೇಲೆ ಹೆಚ್ಚುವರಿಯಾಗಿ ಕೇಕ್ ತಿನ್ನಿಸಿದರು. ಅರ್ಧ ಜನರ ಕೇಕಿನಲ್ಲಿ ತಾಳೆ ಎಣ್ಣೆ, ಉಳಿದವರದರಲ್ಲಿ ಸೂರ್ಯಕಾಂತಿ ಎಣ್ಣೆ. ಎರಡೂ ಗುಂಪಿನವರ ತೂಕ ಒಂದೇ ಸಮ ಏರಿತು. ಲಿವರ್ ಕೊಬ್ಬು ಮಾತ್ರ ತಾಳೆ ಎಣ್ಣೆಯವರಲ್ಲಿ ಬಹಳ ಹೆಚ್ಚಾಯಿತು. ಇದು 2014ರಲ್ಲಿ ಪ್ರಕಟವಾದ ಸಂಶೋಧನೆ. ಅಲ್ಲಿ ಗೆದ್ದದ್ದು ಆಲಿವ್ ಅಲ್ಲ, ಸೂರ್ಯಕಾಂತಿ. ಸೂರ್ಯಕಾಂತಿಯ ಮುಖ್ಯ ಅಂಶ ಲಿನೋಲಿಕ್ ಆಮ್ಲ ನಮ್ಮ ಹಳೆಯ ಕುಸುಬಿ ತಳಿಗಳ ಎಣ್ಣೆಯಲ್ಲಿ ಶೇ 70ಕ್ಕೂ ಹೆಚ್ಚಿದೆ. ಇನ್ನು ಶೇಂಗಾ ಎಣ್ಣೆಯಲ್ಲಿ ಅರ್ಧದಷ್ಟು ಆಲಿವ್‌ನದೇ ಓಲಿಕ್ ಆಮ್ಲ.

ವಿಡಿಯೊದವರು ಬಿಟ್ಟುಬಿಡುವ ಮಾತು ಇನ್ನೊಂದಿದೆ. ಒಂದು ದೊಡ್ಡ ಚಮಚ ಎಣ್ಣೆ, ಯಾವುದೇ ಇರಲಿ, ಸುಮಾರು 120 ಕ್ಯಾಲರಿ. ಪಲ್ಯದ ಎಣ್ಣೆ ಹಾಗೇ ಇಟ್ಟು ಮೇಲೊಂದು ಚಮಚ ಆಲಿವ್ ಕುಡಿದರೆ ಲಿವರ್ ಮೇಲೆ ಹೊರೆ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ದಿನಕ್ಕೆ ಐದಾರು ಸಲ ಸಕ್ಕರೆ ಚಹಾ, ಸಂಜೆ ಮಿರ್ಚಿ ಭಜಿ, ರಾತ್ರಿ ಸೆರೆ: ಇವನ್ನು ಯಾವ ಎಣ್ಣೆಯೂ ತೊಳೆಯದು. ಹೆಚ್ಚಾದ ಸಕ್ಕರೆಯನ್ನು ಲಿವರ್ ತಾನೇ ಕೊಬ್ಬು ಮಾಡಿ ಇಟ್ಟುಕೊಳ್ಳುತ್ತದೆ.

‘ಗಾಣದ ಎಣ್ಣೆಯೂ ತುಟ್ಟಿ’ ಎನ್ನುವವರಿದ್ದಾರೆ. ನಿಜ, ತಾಳೆ ಎಣ್ಣೆ ಪಾಕೀಟಿಗಿಂತ ತುಟ್ಟಿ. ಹಾಗಾದರೆ ಕಡಿಮೆ ಸುರಿಯಿರಿ. ಅದೂ ಔಷಧವೇ. ಇನ್ನೊಂದು ಎಚ್ಚರ: ಬೂಸ್ಟ್ ಹಿಡಿದ ಶೇಂಗಾ ಗಾಣಕ್ಕೆ ಹಾಕಬೇಡಿ. ಆ ಬೂಸ್ಟಿನ ಅಫ್ಲಾಟಾಕ್ಸಿನ್ ವಿಷ ಲಿವರ್ ಕ್ಯಾನ್ಸರ್‌ಗೇ ಕಾರಣವಾಗಬಲ್ಲದು.

ತಪ್ಪು ಅಡುಗೆಮನೆಯದಷ್ಟೇ ಅಲ್ಲ. ನಾರಾಯಣಪುರ ಎಡದಂಡೆ ಕಾಲುವೆ ನೀರು ಬಂದ ಮೇಲೆ ಭತ್ತ, ಹತ್ತಿ ಹಬ್ಬಿದವು. ಕುಸುಬಿ ಹಿಂದೆ ಸರಿಯಿತು. ದೇಶ ತನಗೆ ಬೇಕಾದ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತಿದೆ, ಅದರಲ್ಲಿ ದೊಡ್ಡ ಪಾಲು ತಾಳೆಯದು. ಕುಸುಬಿಗೆ ಬೆಂಬಲ ಬೆಲೆ ಪ್ರತಿವರ್ಷ ಘೋಷಣೆಯಾಗುತ್ತದೆ. ಘೋಷಣೆಯಿಂದ ಗಾಣ ತಿರುಗುವುದಿಲ್ಲ, ಖರೀದಿ ಬೇಕು.

ಭೀಮರಾಯನಗುಡಿಯಲ್ಲೇ ಕೃಷಿ ಕಾಲೇಜಿದೆ, ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಕಾಲುವೆ ನೀರು ಮುಟ್ಟದ ಹೊಲಗಳಿಗೆ ಕುಸುಬಿ ಮರಳಿ ತರುವ ಕೆಲಸ ಇಲ್ಲಿಂದಲೇ ಆಗಬೇಕು. ಮಹಿಳಾ ಸಂಘಗಳಿಗೆ ಗಾಣ ಕೊಡಿ. ಆ ಎಣ್ಣೆಯನ್ನು ಅಂಗನವಾಡಿಗೆ, ಶಾಲೆಯ ಬಿಸಿಯೂಟಕ್ಕೆ ಕೊಳ್ಳಿ.

ಅಲ್ಲಿಯವರೆಗೆ ಓದುಗರಿಗೆ ನಮ್ಮ ಮನವಿ ಇಷ್ಟೇ. ಡಾಕ್ಟರ ಮಾತು ಬಿಡಬೇಡಿ. ಸಕ್ಕರೆ, ಸೆರೆ, ಕರಿದದ್ದು ಇಳಿಸಿ. ಜೋಳದ ರೊಟ್ಟಿ, ಪುಂಡಿ ಪಲ್ಯ, ಬೇಳೆ ಬಿಡಬೇಡಿ. ಆಲಿವ್ ಬಾಟ್ಲಿಯ ದುಡ್ಡಿನಲ್ಲಿ ಮನೆಗೆ ಬೇಳೆ, ಕಾಯಿಪಲ್ಯ ತನ್ನಿ.