ಹೇಳಿದಷ್ಟು ಹಾಲು ಕೊಡದ ಹಸು: ಮೋಸ ಅನ್ನೋ ಮುಂಚೆ, ಅಂದ ಮೇಲೆ

ಹೊಸ ಹಸು ತಂದು ಮೂರು ದಿನ ಆಗಿರಲ್ಲ, ಫೋನ್ ಬರುತ್ತೆ. "ಅಣ್ಣಾ, ಹದಿನೆಂಟು ಲೀಟರ್ ಅಂದಿದ್ರು, ಒಂಬತ್ತೂ ದಾಟ್ತಿಲ್ಲ. ಮೋಸ ಆಯ್ತು." ನಾನು ಮೊದಲು ಕೇಳೋದು ಒಂದೇ: ಅಲ್ಲಿ ಏನು ತಿನ್ನಿಸ್ತಿದ್ರು ಅಂತ ಕೇಳ್ಕೊಂಡು ಬಂದ್ರಾ? ಹೆಚ್ಚಿನವರು ಸುಮ್ಮನಾಗ್ತಾರೆ.

ಟೆಂಪೋದಲ್ಲಿ ಗಂಟೆಗಟ್ಟಲೆ ನಿಂತು ಬಂದ ಎಚ್‌ಎಫ್ ಹಸುವಿಗೆ ಕೊಟ್ಟಿಗೆ ಹೊಸದು, ಕರೆಯುವ ಕೈ ಹೊಸದು, ಮೇವೂ ಹೊಸದು. ಹಾಲು ಇಳಿಯೋದು ಸಹಜ. ವಾರ ಹತ್ತು ದಿನ ಹಳೇ ಮೇವಿನ ಜೊತೆ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹೋಗಬೇಕು. ಗಾಬರಿಬಿದ್ದು ಒಂದೇ ಸಲ ಹಿಂಡಿ, ಜೋಳದ ನುಚ್ಚು ಸುರಿದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಾಗಿ ಅದು ಮೇವೇ ಬಿಡುತ್ತೆ. ಅದಕ್ಕೆ ಮಾರಿದವರನ್ನ ದೂರೋದು ನ್ಯಾಯ ಅಲ್ಲ.

ಹಾಗಂತ ಮಾರುವವರೆಲ್ಲ ಸಾಚಾ ಅಂತಲೂ ಅಲ್ಲ. ಹಿಂದಿನ ಹೊತ್ತು ಕರೆಯದೇ ಬಿಟ್ಟು ಕೆಚ್ಚಲು ತುಂಬಿಸಿ ತೋರಿಸೋದು ಹಳೇ ಆಟ. ಬೇರೆ ಹಸುವಿನ ಎಳೇ ಕರು ಕಟ್ಟಿ, ಈಗಷ್ಟೇ ಕರು ಹಾಕಿದೆ ಅನ್ನೋದೂ ಉಂಟು. ಅದಕ್ಕೇ ಮೂರು ಹೊತ್ತು ಎದುರಿಗೇ ಕರೆಸಿ. ಮೊದಲ ಹೊತ್ತು ಕೆಚ್ಚಲು ಖಾಲಿ ಮಾಡೋಕೆ ಮಾತ್ರ, ಲೆಕ್ಕ ಮುಂದಿನ ಎರಡರದ್ದು. ನಾಲ್ಕೂ ಮೊಲೆಯ ಹಾಲು ಬೇರೆ ಬೇರೆ ನೋಡಿ. ಕೆಚ್ಚಲು ಬಾವು, ಬ್ರುಸೆಲ್ಲೋಸಿಸ್ ಪರೀಕ್ಷೆ ಮಾಡಿಸಿ, ಗಬ್ಬ ಅಂದರೆ ಡಾಕ್ಟರ್ ಕೈಲೇ ನೋಡಿಸಿ. ನಮ್ಮವರು ಸುಳಿ ಹುಡುಕೋಕೆ ಕೊಡೋ ಅರ್ಧ ಗಂಟೆ ಇದಕ್ಕೆ ಕೊಟ್ಟರೆ ಸಾಕು. ಸುಳಿ ಹಾಲು ಕೊಡಲ್ಲ.

"ನೋಡಿ ತಗೊಂಡ ಮೇಲೆ ಮುಗೀತು" ಅಂತ ದಲ್ಲಾಳಿಗಳು ಹೇಳ್ತಾರೆ. ಅದು ಅರ್ಧ ಸತ್ಯ. 1930ರ ಸರಕು ಮಾರಾಟ ಕಾಯ್ದೆ ದನಕ್ಕೂ ಅನ್ವಯಿಸುತ್ತೆ. ಕಣ್ಣಿಗೆ ಕಾಣೋ ದೋಷ ಪರೀಕ್ಷಿಸೋದು ಕೊಳ್ಳುವವರ ಹೊಣೆ, ನಿಜ. "ಬಂಗಾರದಂಥ ಹಸು" ಅನ್ನೋದು ಬರೀ ಹೊಗಳಿಕೆ. ಆದರೆ "ಎರಡನೇ ಸೂಲು, ಮೂರು ತಿಂಗಳ ಗಬ್ಬ" ಅಂತ ಖಾತ್ರಿ ಕೊಟ್ಟು ಮಾರಿದ್ದರೆ ಆ ಮಾತಿಗೆ ಅವರು ಬದ್ಧರು. ಒಂದು ಮಾತು ನೆನಪಿರಲಿ: ಹಸು ಒಪ್ಪಿಕೊಂಡು ಮನೆಗೆ ತಂದ ಮೇಲೆ ಸಾಮಾನ್ಯವಾಗಿ ಸಿಗೋದು ಬೆಲೆಯಲ್ಲಿ ಕಡಿತ ಅಥವಾ ನಷ್ಟ ಪರಿಹಾರ. ಹಸು ವಾಪಸ್ ಕೊಟ್ಟು ಪೂರ್ತಿ ದುಡ್ಡು ಬೇಕು ಅಂದರೆ, ಇಂತಿಷ್ಟು ದಿನದೊಳಗೆ ವಾಪಸ್ ಅನ್ನೋ ಷರತ್ತು ಮೊದಲೇ ಬರೆಸಿಕೊಂಡಿರಬೇಕು.

ಟವೆಲ್ ಕೆಳಗೆ ಬೆರಳು ಹಿಡಿದು ಮಾಡಿದ ವ್ಯಾಪಾರಕ್ಕೆ ಸಾಕ್ಷಿ ಎಲ್ಲಿಂದ ತರ್ತೀರಿ? ಕೈಯಲ್ಲಿ ಸ್ಮಾರ್ಟ್‌ಫೋನ್ ಇದೆಯಲ್ಲ. ಕಿವಿ ಓಲೆಯ 12 ಅಂಕಿ ಕಾಣುವ ಹಾಗೆ, ಮಾರುವವರು ಹೇಳಿದ್ದೆಲ್ಲ ಕೇಳುವ ಹಾಗೆ, ಅವರಿಗೆ ಹೇಳಿಯೇ ವಿಡಿಯೋ ಮಾಡಿ. ದುಡ್ಡು ಫೋನ್‌ಪೇನಲ್ಲೋ ಬ್ಯಾಂಕಿನಲ್ಲೋ ಹಾಕಿ. ಮನೆಗೆ ತಂದ ದಿನದಿಂದ ಹಾಲು ಅಳೆದು ಬರೆದಿಡಿ. ಇರೋದು ಅದೊಂದೇ ಹಸು ಆದರೆ ಡೈರಿ ಚೀಟಿಯೇ ಸಾಕ್ಷಿ.

ದೋಷ ಕಂಡ ದಿನವೇ ಡಾಕ್ಟರಿಂದ ತಾರೀಖು ಹಾಕಿಸಿ ಬರೆಸಿಕೊಂಡು, ಮಾರಿದವರಿಗೆ ವಾಟ್ಸಾಪ್‌ನಲ್ಲಿ ಕಳಿಸಿ. ಇಬ್ಬರಿಗೂ ಬೇಕಾದ ಹಿರಿಯರ ಮುಂದೆ ಕೂತರೆ ಎಷ್ಟೋ ಸಲ ಸ್ವಲ್ಪ ದುಡ್ಡು ವಾಪಸ್ ಬಂದೇ ಬರುತ್ತೆ. ಬರದೇ ಹೋದರೆ, ಮಾರಿದವರು ದನದ ವ್ಯಾಪಾರವನ್ನೇ ಕಸುಬಾಗಿಸಿಕೊಂಡಿದ್ದರೆ, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಅಂತಲೇ ಕೊಂಡವರನ್ನೂ 2019ರ ಕಾಯ್ದೆ ಗ್ರಾಹಕ ಅಂತಲೇ ನೋಡುತ್ತೆ. ಪಕ್ಕದೂರಿನ ರೈತ ತನ್ನ ಒಂದು ಹಸು ಮಾರಿದ್ದಾದರೆ ಸಿವಿಲ್ ಕೋರ್ಟೇ ದಾರಿ. ಅಲ್ಲಿಗೆ ಅಲೆಯೋ ಖರ್ಚು ಹಸುವಿನ ಬೆಲೆ ಮೀರೀತು, ಲೆಕ್ಕ ಹಾಕಿ ಹೊರಡಿ.

ಇನ್ನೊಂದು ದಾರಿ ಕೆಲವರು ಹಿಡೀತಾರೆ: ಅದೇ ಹಸುವನ್ನ, ಅದೇ ಸುಳ್ಳು ಹೇಳಿ, ಮುಂದಿನ ಸಂತೆಯಲ್ಲಿ ದಾಟಿಸೋದು. ಆಗ ಮಾತು ಕೊಟ್ಟು ಮಾರಿದವರು ನೀವೇ ಆಗ್ತೀರಿ, ಕೊಂಡವರ ಕೈಯಲ್ಲೂ ಫೋನ್ ಇರುತ್ತೆ.