ಕ್ಯಾಸೆಟ್ ನಮ್ಮ ಕೈಲಿತ್ತು. ಈಗ ಆಟ ಯಾರ ಕೈಲಿದೆ?

ಹೊನ್ನಾವರದ ಕಡೆ ಅದನ್ನ ಯಾರೂ 'ಕಾರ್ಟ್ರಿಜ್' ಅಂತ ಕರೀತಿರಲಿಲ್ಲ. ಅದು 'ಕ್ಯಾಸೆಟ್'. ಟಿವಿಗೆ ವೈರ್ ಸಿಕ್ಕಿಸಿ, ಚಿತ್ರ ಬರದಿದ್ರೆ ಕ್ಯಾಸೆಟ್ ಕಿತ್ತು ಉಫ್ ಅಂತ ಊದಿ ಮತ್ತೆ ಹಾಕೋದು. ಮೇಲೆ '9999999 ಇನ್ 1' ಅಂತ ಬರೆದಿರೋದು, ಒಳಗೆ ಹತ್ತಾರು ಆಟ ಇದ್ರೆ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಡೆದು ಗದ್ದೆ, ಅಂಗಳ ಎಲ್ಲ ನೀರಾದಾಗ ಕ್ರಿಕೆಟ್ ಬ್ಯಾಟು ಮೂಲೆ ಸೇರುತ್ತಿತ್ತು, ಕ್ಯಾಸೆಟ್ ಹೊರಗೆ ಬರುತ್ತಿತ್ತು. ಒಂದು ಟಿವಿ, ಎರಡು ರಿಮೋಟ್, ಏಳೆಂಟು ಮಕ್ಕಳು. 'ಒಂದ್ ಲೈಫ್ ಹೋದ್ರೆ ನಂಗೆ ಕೊಡ್ಬೇಕು ಮಾರಾಯ' ಅನ್ನೋದೇ ಅಲ್ಲಿನ ಸಂವಿಧಾನ.

ಈ ಹಳೇ ಕತೆ ಈಗ ಯಾಕೆ? 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆಯನ್ನ ಎರಡೇ ದಿನದಲ್ಲಿ ಪಾಸ್ ಮಾಡಿತು. 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿ ಅಂಕಿತ. ಗೇಮ್ ಬಗ್ಗೆ ದೇಶ ಮಾಡಿದ ಮೊದಲ ದೊಡ್ಡ ಕಾನೂನು ಇದು. ಅದರಲ್ಲಿ ಜೂಜು ಇದೆ, ಪದಕ ಇದೆ. ದುಡ್ಡು ಕೊಟ್ಟು ಗೇಮ್ ತಗೊಂಡು ಆಡುವವನಿಗೆ ಆ ಗೇಮ್ ಮೇಲೆ ಏನು ಹಕ್ಕು ಅನ್ನೋದು ಮಾತ್ರ ಇಲ್ಲ. ಹಳೇ ಕ್ಯಾಸೆಟ್ ಎದುರಿಗಿಟ್ಟುಕೊಂಡು ನೋಡಿದ್ರೆ ಈ ಖಾಲಿ ಜಾಗ ಚೆನ್ನಾಗಿ ಕಾಣುತ್ತೆ.

ಸುಂಕದ ಗೋಡೆ, ನಕಲಿ ಪೆಟ್ಟಿಗೆ

ನಾವು ಆಡಿದ್ದು ಜಪಾನ್ ಆಟವೇ, ಆದರೆ ಜಪಾನ್ ಪೆಟ್ಟಿಗೆಯಲ್ಲಿ ಅಲ್ಲ. ನಿಂಟೆಂಡೊ ಕಂಪನಿ ತನ್ನ 'ಫ್ಯಾಮಿಕಾಮ್' ಬಿಡುಗಡೆ ಮಾಡಿದ್ದು 1983ರ ಜುಲೈನಲ್ಲಿ. ಭಾರತದ ಮನೆಗಳಿಗೆ ಬಂದದ್ದು ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್ ಥರದ ಹೆಸರಿನ ಪೆಟ್ಟಿಗೆಗಳು. ಬಹುಪಾಲು ಅದರ ನಕಲುಗಳೇ. ಅಸಲಿ ಯಾಕೆ ಬರಲಿಲ್ಲ ಅನ್ನೋದಕ್ಕೆ ಇನ್ನೊಂದು ಜಪಾನಿ ಕಂಪನಿಯ ಉದಾಹರಣೆ ಸಾಕು. 1995ರಲ್ಲಿ ಸೆಗಾ ತನ್ನ ಮೆಗಾಡ್ರೈವ್ ಮಾರೋದಕ್ಕೆ ಶಾ ವಾಲೇಸ್ ಜೊತೆ ಒಪ್ಪಂದ ಮಾಡಿಕೊಂಡಿತು. ಶೇ. 80ರ ಆಮದು ಸುಂಕದಿಂದ ಪಾರಾಗೋದು ಅದರ ಉದ್ದೇಶ. ಆದರೂ ಬೆಲೆ 18,000 ರೂಪಾಯಿ! ಆ ಕಾಲದಲ್ಲಿ ಎಷ್ಟೋ ಸರ್ಕಾರಿ ನೌಕರರ ಹಲವು ತಿಂಗಳ ಸಂಬಳ ಅದು. ಹೀಗಾಗಿ ಅಸಲಿ ಆಟ ಶ್ರೀಮಂತರ ಮಹಡಿ ಮನೆಗೆ, ನಕಲಿ ನಮ್ಮ ಹೆಂಚಿನ ಮನೆಗೆ. ಆಟದಲ್ಲೂ ವರ್ಗ ಇತ್ತು, ಅದನ್ನ ಗಟ್ಟಿ ಮಾಡಿದ್ದು ನಮ್ಮದೇ ಸುಂಕ ನೀತಿ.

ನಮ್ಮ ಕರಾವಳಿಗೆ ಇನ್ನೊಂದು ದಾರಿಯೂ ಇತ್ತು: ಗಲ್ಫ್. ಭಟ್ಕಳದ ನವಾಯತ ಮನೆಗಳಿಂದ ದುಬೈ, ಸೌದಿಗೆ ದುಡಿಯೋಕೆ ಹೋದವರು ರಜೆಗೆ ಬರುವಾಗ ಸೂಟ್‌ಕೇಸಲ್ಲಿ ಸೆಂಟು, ಚಾಕಲೇಟು, ಟೇಪ್ ರೆಕಾರ್ಡರ್ ಜೊತೆ ಕೆಲವೊಮ್ಮೆ ಪ್ಲೇಸ್ಟೇಷನ್ನೂ ಬರುತ್ತಿತ್ತು. ಭಟ್ಕಳ ಅಂದ ಕೂಡಲೇ ಟಿವಿ ಚಾನೆಲ್‌ಗಳಿಗೆ ನೆನಪಾಗೋದು ಒಂದೇ ಥರದ ಸುದ್ದಿ. ನಮ್ಮಲ್ಲಿ ಹಲವರಿಗೆ ಅದು 'ವಿನ್ನಿಂಗ್ ಇಲೆವೆನ್' ಫುಟ್‌ಬಾಲ್ ಮೊದಲು ನೋಡಿದ ಊರು.

ನಾವಿಲ್ಲದ ನಮ್ಮ ಆಟಗಳು

ಆ ಆಟಗಳ ಪಟ್ಟಿಯೂ ಒಂದು ರಾಜಕೀಯ ಭೂಪಟವೇ. ಫ್ಯಾಮಿಕಾಮ್‌ನ ಮೊದಲ ಕ್ರೀಡಾ ಆಟಗಳೆಂದರೆ ಬೇಸ್‌ಬಾಲ್ (1983), ಟೆನಿಸ್ ಮತ್ತು ಗಾಲ್ಫ್ (1984), ಸಾಕರ್ (1985). ಜಪಾನ್, ಅಮೆರಿಕದ ಮಧ್ಯಮವರ್ಗ ಏನು ಆಡುತ್ತಿತ್ತೋ ಅದು. ಬೇಸ್‌ಬಾಲನ್ನ ನಾವು 'ಎಂತದೋ ತಪ್ಪು ಕ್ರಿಕೆಟ್' ಅಂದುಕೊಂಡೇ ಆಡಿದೆವು. ನಿಂಟೆಂಡೊ ಪೆಟ್ಟಿಗೆಗೆ ಕ್ರಿಕೆಟ್ ಬಂದದ್ದು 1992ರಲ್ಲಿ. ಮಾಡಿದ್ದು ಆಸ್ಟ್ರೇಲಿಯಾದವರು, ಮಾರಿದ್ದೂ ಆಸ್ಟ್ರೇಲಿಯಾದಲ್ಲಿ. ಹುಚ್ಚು ಹಿಡಿದು ಕ್ರಿಕೆಟ್ ನೋಡೋ ದೇಶಕ್ಕೆ ಕ್ರಿಕೆಟ್ ಗೇಮ್ ಮಾರೋದು ಲಾಭ ಅಂತ ಯಾರಿಗೂ ಅನ್ನಿಸಿರಲಿಲ್ಲ.

ನಮ್ಮ ಆಟಕ್ಕೆ ಜಾಗ ಸಿಕ್ಕಿದ್ದು 2009ರಲ್ಲಿ. ಸೋನಿಯ ಪಿಎಸ್2 ಮತ್ತು ಪಿಎಸ್‌ಪಿಗಾಗಿ ಹೈದರಾಬಾದಿನ ಗೇಮ್‌ಶಾಸ್ತ್ರ ಸಂಸ್ಥೆ 'ದೇಸಿ ಅಡ್ಡಾ: ಗೇಮ್ಸ್ ಆಫ್ ಇಂಡಿಯಾ' ಮಾಡಿತು. ಅದರಲ್ಲಿ ಕಬಡ್ಡಿ ಇತ್ತು, ಗಾಳಿಪಟ ಇತ್ತು, ನಮ್ಮ ಚಿನ್ನಿದಾಂಡು ಇತ್ತು. ಮರುವರ್ಷ ಮುಂಬೈನ ಟ್ರೈನ್ ಗೇಮ್ಸ್ 'ಸ್ಟ್ರೀಟ್ ಕ್ರಿಕೆಟ್ ಚಾಂಪಿಯನ್ಸ್' ತಂದಿತು. ಓಣಿಯಲ್ಲಿ ಆಡೋ ಕ್ರಿಕೆಟ್, ಕಬಡ್ಡಿ ಪಟ್ಟು, ಎರಡೂ ಜಪಾನ್ ಯಂತ್ರದೊಳಗೆ ಬಂದಿದ್ದವು. ಗುಣಮಟ್ಟ ಅಷ್ಟಕ್ಕಷ್ಟೇ ಇರಬಹುದು, ಆದರೆ ಅದು ಆರಂಭ.

ಇವತ್ತು ಆ ಡಿಸ್ಕ್ ನಿಮ್ಮ ಹತ್ತಿರ ಇದ್ದರೂ ಸೋನಿಯದ್ದೇ ಪಿಎಸ್5ಗೆ ಹಾಕಿದ್ರೆ ಓಡಲ್ಲ. ಪಿಎಸ್2 ಡಿಸ್ಕನ್ನ ಅದು ಓದೋದೇ ಇಲ್ಲ. 15-16 ವರ್ಷದಲ್ಲಿ ನಮ್ಮ ಕಬಡ್ಡಿ ಗೇಮ್ ಪ್ರಾಚ್ಯವಸ್ತು ಆಗಿಹೋಯ್ತು. ಹಳಗನ್ನಡದ ತಾಳೆಗರಿಗಳಿಗಾದರೂ ಅದನ್ನ ಕಾಪಾಡೋ ಮಠ, ವಿಶ್ವವಿದ್ಯಾಲಯ ಇವೆ. ಇದಕ್ಕೆ ಯಾರಿದ್ದಾರೆ?

ಇದು ನಮ್ಮೊಬ್ಬರ ಸಮಸ್ಯೆ ಅಲ್ಲ. ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಗೇಮ್‌ಗಳಲ್ಲಿ ಶೇ. 87ರಷ್ಟು ಇವತ್ತು ಮಾರುಕಟ್ಟೆಯಲ್ಲಿ ಸಿಗೋದಿಲ್ಲ ಅಂತ 'ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್' 2023ರಲ್ಲಿ ಹೇಳಿತು. ಲೈಬ್ರರಿಗಳು ಹಳೇ ಗೇಮ್‌ಗಳನ್ನ ಸಂಶೋಧಕರಿಗೆ ದೂರದಿಂದ ಒದಗಿಸಲಿ ಅನ್ನೋ ಬೇಡಿಕೆಯನ್ನ ಅಲ್ಲಿನ ಕಾಪಿರೈಟ್ ಕಚೇರಿ 2024ರಲ್ಲಿ ತಿರಸ್ಕರಿಸಿತು.

ಉಳಿಸಿದ್ದು ಅಭಿಮಾನಿಗಳು

ಹಾಗಾದ್ರೆ ಹಳೇ ಕ್ರೀಡಾ ಗೇಮ್‌ಗಳು ಇನ್ನೂ ಹೇಗೆ ಬದುಕಿವೆ? ಆಡುವವರೇ ಬದುಕಿಸಿದ್ದು. ಇಎ ಕಂಪನಿಯ 'ಕ್ರಿಕೆಟ್ 07' ಬಂದದ್ದು 2006ರ ಕೊನೆಗೆ, ಪಿಎಸ್2 ಮತ್ತು ಕಂಪ್ಯೂಟರಿಗೆ. ಆಮೇಲೆ ಇಎ ಆ ಸರಣಿಯನ್ನೇ ಕೈಬಿಟ್ಟಿತು. ಐಪಿಎಲ್ ಶುರುವಾಗಿದ್ದು 2008ರಲ್ಲಿ. ಆದರೂ ಆ ಗೇಮ್‌ನಲ್ಲಿ ಆರ್‌ಸಿಬಿ ಜರ್ಸಿ ಹಾಕಿ ಆಡಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದನ್ನ ಕೂರಿಸಿದ್ದು ಸಂಬಳ ಇಲ್ಲದ ಅಭಿಮಾನಿಗಳು, ಕಂಪ್ಯೂಟರ್‌ನಲ್ಲಿ 'ಪ್ಯಾಚ್' ಹಾಕಿ. ಬ್ರೆಜಿಲ್‌ನಲ್ಲಿ ಕೊನಾಮಿಯ ಪಿಎಸ್2 ಫುಟ್‌ಬಾಲ್ ಆಟವನ್ನೇ ತಮ್ಮ ಕ್ಲಬ್‌ಗಳಿಗೆ ತಿದ್ದಿ 'ಬೊಂಬಾ ಪ್ಯಾಚ್' ಅಂತ ವರ್ಷವರ್ಷವೂ ಹೊಸದು ಮಾಡುತ್ತಾ ಬಂದಿದ್ದಾರೆ.

ಇದೆಲ್ಲ ಸಾಧ್ಯವಾದದ್ದು ಒಂದೇ ಕಾರಣಕ್ಕೆ. ಡಿಸ್ಕ್ ಅವರ ಕೈಯಲ್ಲಿತ್ತು, ಗೇಮ್ ಓಡೋಕೆ ಕಂಪನಿಯ ಸರ್ವರ್ ಬೇಕಿರಲಿಲ್ಲ. ಕಾನೂನಿನ ಕಣ್ಣಲ್ಲಿ ಇದು ಮಬ್ಬು ಪ್ರದೇಶ ಹೌದು. ಆದರೆ ಕಂಪನಿ ಬಿಟ್ಟುಹೋದ ಮನೆಯ ಹೆಂಚು ತಿರುವಿ ಹಾಕಿದವರನ್ನ ಕಳ್ಳರು ಅನ್ನೋದು ಹೇಗೆ?

ಈಗಿನ ವ್ಯವಸ್ಥೆ ಬೇರೆ. 'ದಿ ಕ್ರೂ' ಅನ್ನೋ ಕಾರ್ ರೇಸಿಂಗ್ ಆಟವನ್ನ ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ಬಂದ್ ಮಾಡಿತು. ದುಡ್ಡು ಕೊಟ್ಟು ತಂದ ಡಿಸ್ಕ್ ಕಪಾಟಲ್ಲೇ ಇದೆ, ಆಟ ಸತ್ತಿದೆ. ನಿಂಟೆಂಡೊ 2023ರ ಮಾರ್ಚ್‌ನಲ್ಲಿ ವಿಯು ಮತ್ತು 3ಡಿಎಸ್‌ಗಳ ಆನ್‌ಲೈನ್ ಅಂಗಡಿ ಮುಚ್ಚಿತು. ಕೊನಾಮಿ ತನ್ನ ಪ್ರಸಿದ್ಧ ಪಿಇಎಸ್ ಸರಣಿ ನಿಲ್ಲಿಸಿ 2021ರಲ್ಲಿ 'ಇ-ಫುಟ್‌ಬಾಲ್' ತಂದಿತು. ಆಟ ಉಚಿತ. ಆದರೆ ದುಡ್ಡಿಗೆ ಕಾಯಿನ್ ತಗೊಂಡು, ಕಾಯಿನ್ ಹಾಕಿ ಅದೃಷ್ಟ ಪರೀಕ್ಷೆ ಮಾಡಿದ್ರೆ ಒಳ್ಳೇ ಆಟಗಾರ ಬಂದ್ರೂ ಬಂದ, ಇಲ್ಲದಿದ್ರೆ ಇಲ್ಲ.

ಕಾನೂನು ಹಾಕಿದ ಮೂರು ಪೆಟ್ಟಿಗೆ

ಈಗ ಹೊಸ ಕಾಯ್ದೆಗೆ ಬರೋಣ. ಅದು ಗೇಮ್‌ಗಳನ್ನ ಮೂರು ಪೆಟ್ಟಿಗೆಗೆ ಹಾಕುತ್ತೆ: ಇ-ಸ್ಪೋರ್ಟ್ಸ್, ಸೋಷಿಯಲ್ ಗೇಮ್, ಮನಿ ಗೇಮ್. ಮೂರನೆಯದಕ್ಕೆ ಪೂರ್ತಿ ನಿಷೇಧ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಕೊಡುವವರಿಗೆ 2 ವರ್ಷ, 50 ಲಕ್ಷ. ಆಡಿದವರಿಗೆ ಶಿಕ್ಷೆ ಇಲ್ಲ, ಅದು ಸರಿಯಾದದ್ದೇ. ಡ್ರೀಮ್11 ದುಡ್ಡಿನ ಆಟ ನಿಲ್ಲಿಸಿತು, ಕ್ರಿಕೆಟ್ ತಂಡದ ಜರ್ಸಿಯಿಂದಲೂ ಹೊರಬಿತ್ತು.

ಆ ಕಂಪನಿಗಳಿಗಾಗಿ ಕಣ್ಣೀರು ಹಾಕಬೇಕಿಲ್ಲ. ಸಾಲ ಮಾಡಿ ಆಡಿ, ಮನೆ ಮುರಿದುಕೊಂಡವರ ಕತೆ ನಮ್ಮ ತಾಲೂಕುಗಳಲ್ಲೂ ಕೇಳಿದ್ದೇವೆ. ಆದರೆ ಸರ್ಕಾರದ ಇಬ್ಬಂದಿತನವನ್ನ ಮರೆಯಬಾರದು. 2023ರ ಅಕ್ಟೋಬರ್‌ನಿಂದ ಇದೇ ಆಟಗಳ ಮೇಲೆ ಪೂರ್ತಿ ಮೊತ್ತಕ್ಕೆ ಶೇ. 28 ಜಿಎಸ್‌ಟಿ ಹಾಕಿ ವಸೂಲಿಗಿಳಿದದ್ದೂ ಅವರೇ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ನಿಷೇಧಿಸಿದಾಗ, ಅದರ ಮುಖ್ಯ ಅಂಶಗಳನ್ನ ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿತ್ತು. ಕೇಂದ್ರದ ಕಾಯ್ದೆಯನ್ನೂ ಬೆಂಗಳೂರಿನ ಹೈಕೋರ್ಟ್‌ನಲ್ಲೇ ಮೊದಲು ಪ್ರಶ್ನಿಸಲಾಯಿತು. ಆಮೇಲೆ ಅಂಥ ಅರ್ಜಿಗಳನ್ನ ಸುಪ್ರೀಂ ಕೋರ್ಟ್ ತನ್ನ ಬಳಿಗೇ ವರ್ಗಾಯಿಸಿಕೊಂಡಿತು.

ನಮ್ಮ ಪ್ರಶ್ನೆ ಎರಡನೇ ಪೆಟ್ಟಿಗೆಯದ್ದು. ಕುಮಟಾದಲ್ಲಿ ಪಿಯುಸಿ ಓದೋ ಹುಡುಗ ಫೋನಲ್ಲಿ ಫುಟ್‌ಬಾಲ್ ಆಡ್ತಾ ಅದೃಷ್ಟದ ಪ್ಯಾಕೆಟ್‌ಗೆ ದುಡ್ಡು ಹಾಕಿದರೆ ಅದು ಯಾವ ಪೆಟ್ಟಿಗೆ? ಗೆದ್ದದ್ದು ದುಡ್ಡಾಗಿ ವಾಪಸ್ ಬರಲ್ಲ, ಹಾಗಾಗಿ ಮನಿ ಗೇಮ್ ಅಂತ ಹೇಳೋದು ಕಷ್ಟ. ಜೇಬು ಖಾಲಿಯಾಗೋದು ಮಾತ್ರ ಖಾತ್ರಿ. ಇಂಥದ್ದಕ್ಕೆ ಬೆಲ್ಜಿಯಂ 2018ರಲ್ಲೇ ಜೂಜು ಅಂತ ಹೆಸರಿಟ್ಟಿತು, ಇಎ ಅಲ್ಲಿ ಫಿಫಾ ಪಾಯಿಂಟ್ ಮಾರೋದು ನಿಲ್ಲಿಸಿತು. ಈ 'ಗಾಚಾ' ವಿದ್ಯೆಯ ತವರು ಜಪಾನ್ ಕೂಡ ಅದರ ಅತಿ ಕೆಟ್ಟ ರೂಪವಾದ 'ಕಂಪ್ಲೀಟ್ ಗಾಚಾ'ಕ್ಕೆ 2012ರಲ್ಲಿ ತಡೆ ಹಾಕಿತು. ನಮ್ಮ ಕಾಯ್ದೆ ಈ ವಿಷಯದಲ್ಲಿ ಖಡಕ್ಕಾಗಿ ಏನನ್ನೂ ಹೇಳಿಲ್ಲ.

ಮೊದಲ ಪೆಟ್ಟಿಗೆ ಪದಕದ್ದು. 2026ರ ಐಚಿ-ನಗೋಯಾ ಏಷ್ಯನ್ ಗೇಮ್ಸ್‌ನ ಇ-ಸ್ಪೋರ್ಟ್ಸ್ ಪಟ್ಟಿಯಲ್ಲಿ ಇ-ಫುಟ್‌ಬಾಲೂ ಇದೆ, ಗ್ರಾನ್ ಟುರಿಸ್ಮೊ 7 ಕೂಡ ಇದೆ. ಸಂತೋಷ. ಆದರೆ ಕಬಡ್ಡಿ, ಓಟ, ಕುಸ್ತಿಗೆ ಯಾವ ಕಂಪನಿಯೂ ಮಾಲೀಕ ಅಲ್ಲ. ಇ-ಸ್ಪೋರ್ಟ್ಸ್‌ನಲ್ಲಿ ಆಟಕ್ಕೇ ಮಾಲೀಕ ಇದ್ದಾನೆ. ನಾಳೆ ಆತ ಸರ್ವರ್ ಬಂದ್ ಮಾಡಿದರೆ ಹುಡುಗರ ಐದು ವರ್ಷದ ಅಭ್ಯಾಸ ಎಲ್ಲಿಗೆ ಹೋಗಬೇಕು?

'ಆಸ್ಪತ್ರೆಯೇ ಇಲ್ಲ, ಗೇಮ್ ಮಾತಾಡ್ತೀರಾ?'

ಈ ಪ್ರಶ್ನೆ ಬಂದೇ ಬರುತ್ತೆ, ನ್ಯಾಯವೂ ಹೌದು. ಸುಸಜ್ಜಿತ ಆಸ್ಪತ್ರೆಗಾಗಿ ಉತ್ತರ ಕನ್ನಡ ಎಷ್ಟು ವರ್ಷ ಬೀದಿಗಿಳಿದಿದೆ ಅಂತ ನಮಗೆ ಗೊತ್ತು. ಗೇಮ್ ಅದಕ್ಕಿಂತ ದೊಡ್ಡದಲ್ಲ. ಆದರೆ ಹೈವೇ, ಬಂದರು, ಗೇಮ್ ಎಲ್ಲದರಲ್ಲೂ ಕೇಳಬೇಕಾದ್ದು ಒಂದೇ: ಇದರ ಮೇಲೆ ಹಕ್ಕು ಯಾರದು, ನಮ್ಮನ್ನ ಕೇಳಿದ್ದು ಯಾರು?

ಹಳೇ ಕಾಲವನ್ನ ಹೊಗಳಿ ಮುಗಿಸೋ ಉದ್ದೇಶವೂ ಇಲ್ಲ. ಗಂಟೆಗಿಷ್ಟು ಅಂತ ಕೊಟ್ಟು ಆಡೋ ಗೇಮ್ ಅಂಗಡಿಗಳಲ್ಲಿ ಹುಡುಗಿಯರನ್ನ ಕಂಡವರು ಕಡಿಮೆ. ಮನೆಯಲ್ಲೂ ರಿಮೋಟ್ ಅಣ್ಣನ ಕೈಲಿ, ತಂಗಿ ಪ್ರೇಕ್ಷಕಿ. ಇವತ್ತು ಫೋನ್ ಅವಳ ಕೈಲೂ ಇದೆ. ಅದು ದೊಡ್ಡ ಬದಲಾವಣೆ, ಹಿಂದೆ ಹೋಗೋದು ಬೇಡ. ಆದರೆ ಅವಳು ದುಡ್ಡು ಕೊಟ್ಟದ್ದು ಅವಳದ್ದಾಗಿ ಉಳೀಬೇಕು.

ಕೇಳಬೇಕಾದ್ದು ದೊಡ್ಡದೇನಲ್ಲ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ನೀವು ತಗೊಳ್ತಿರೋದು ಗೇಮ್ ಅಲ್ಲ, ಬರೀ ಲೈಸೆನ್ಸ್ ಅಂತ ಅಂಗಡಿ ಮೊದಲೇ ಹೇಳಬೇಕು. ನಮ್ಮ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಅಷ್ಟನ್ನಾದರೂ ತರೋದಕ್ಕೆ ಏನಡ್ಡಿ? ಸರ್ವರ್ ಮುಚ್ಚುವ ಮುನ್ನ ಗೇಮ್ ಆಡೋ ಸ್ಥಿತಿಯಲ್ಲಿ ಬಿಟ್ಟುಹೋಗಿ ಅಂತ ಯುರೋಪಿನಲ್ಲಿ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಅರ್ಜಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದಾರೆ. ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಕಲಂ ಕೂಡ, ನ್ಯಾಯವಾಗಿ ತಗೊಂಡ ಸಾಫ್ಟ್‌ವೇರ್ ಹಾಳಾಗದಂತೆ ಬ್ಯಾಕಪ್ ಪ್ರತಿ ಇಟ್ಟುಕೊಳ್ಳೋಕೆ ಬಿಡುತ್ತೆ. ಆ ಹಕ್ಕನ್ನ ಲೈಬ್ರರಿಗಳಿಗೂ ಸ್ಪಷ್ಟವಾಗಿ ವಿಸ್ತರಿಸಲಿ. ಅದೃಷ್ಟದ ಪ್ಯಾಕೆಟ್‌ನಲ್ಲಿ ಗೆಲ್ಲೋ ಸಾಧ್ಯತೆ ಎಷ್ಟು ಅಂತ ಕನ್ನಡದಲ್ಲಿ ಬರೆಯಲಿ, 18 ತುಂಬದವರಿಗೆ ಮಾರದಿರಲಿ.

ಇನ್ನು ರಾಜ್ಯ ಸರ್ಕಾರ. 2024-29ರ ಎವಿಜಿಸಿ-ಎಕ್ಸ್‌ಆರ್ ನೀತಿಯಲ್ಲಿ ಗೇಮಿಂಗ್, ಅನಿಮೇಷನ್‌ಗೆ 30,000 ಹೊಸ ಉದ್ಯೋಗದ ಗುರಿ ಇಟ್ಟಿದೆ. ಅದರಲ್ಲಿ ಒಂದು ಸಣ್ಣ ಪಾಲು ಕನ್ನಡದಲ್ಲಿ ಕಬಡ್ಡಿ, ಕಂಬಳ, ಲಗೋರಿ ಗೇಮ್ ಮಾಡೋ ಹುಡುಗ-ಹುಡುಗಿಯರಿಗೆ ಸಿಗಲಿ. ಸಾರ್ವಜನಿಕ ದುಡ್ಡಲ್ಲಿ ಆದದ್ದು ಸರ್ವರ್ ಹಂಗಿಲ್ಲದೆ ಓಡಲಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಪುಸ್ತಕದ ಪಕ್ಕ ಅದನ್ನೂ ಇಡಲಿ. ಒಂದು ಟಿವಿ, ಎರಡು ರಿಮೋಟ್, ಸುತ್ತ ಏಳೆಂಟು ಮಕ್ಕಳು. ಈ ಸಲ ತಂಗಿಗೂ ಪಾಳಿ ಸಿಗಬೇಕು.